ಸೋಮವಾರ ಎದ್ದವನು

ಬೇರೆಯವರ ತಪ್ಪನ್ನು ತನ್ನ ತಲೆ ಮೇಲೆ ಹಾಕ್ಕೊಂಡು ಏಟು ತಿಂದು ಸಾಯೋ ಹೀರೋನ ಕಂಡರೆ ನನಗೆ ಮೈಯೆಲ್ಲ ಉರಿಯುತ್ತೆ. ಪಕ್ಕದಲ್ಲಿ ಕೂತವರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರೆ ನಾನು ಎದ್ದು ಆಚೆ ಹೋಗಿಬಿಡ್ತೀನಿ. ಇವಳದು ಕಲ್ಲೆದೆ ಅಂತ ಮನೆಯವರು ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ, ಸುಳ್ಳೇನಲ್ಲ.

ನಾನು ಸೊಸೆಯಾಗಿ ಬಂದ ಕಾಲದಲ್ಲಿ ಅಂಥ ಹೀರೋಗಳದೇ ದರ್ಬಾರು. ಕನ್ನಡದ್ದಾಗಲಿ ತೆಲುಗಿನದ್ದಾಗಲಿ, ಟೆಂಟಿಗೆ ಎರಡು ಪಿಕ್ಚರ್ ಬಂದರೆ ಒಂದರಲ್ಲಿ ಅವನು ಇರಲೇಬೇಕು. ಬಿಳಿ ಅಂಗಿ, ಹಣೆಯಿಂದ ಇಳಿಯೋ ರಕ್ತ, ಕಂಬಕ್ಕೋ ನೊಗಕ್ಕೋ ಅಗಲಿಸಿ ಕಟ್ಟಿದ ಎರಡು ಕೈ. ಹೊಡೆಯೋರನ್ನೇ ನೋಡಿ ಪಾಪ ಅನ್ನೋನು. ಕೊನೆಗೆ ನಿಜವಾಗಿ ತಪ್ಪು ಮಾಡಿದವನು ಅಳುತ್ತಾ ಓಡಿಬಂದು ಅವನ ಕಾಲು ಹಿಡಿಯೋನು. ಆ ಓಡಿಬರೋದು ಇದೆಯಲ್ಲ, ಅದು ಶುದ್ಧ ಸುಳ್ಳು. ಯಾರೂ ಓಡಿಬರಲ್ಲ. ನಾನು ಬರಲಿಲ್ಲ.

ನನ್ನ ತೌರು ಗೌರಿಬಿದನೂರಿನ ಕಡೆ, ಅಲೀಪುರದ ಪಕ್ಕದ ಹಳ್ಳಿ. ಕೊಟ್ಟಿದ್ದು ಶಿಡ್ಲಘಟ್ಟಕ್ಕೆ ಎರಡು ಮೈಲಿ ದೂರದ ಊರಿಗೆ. ಮಾವನವರಿಗೆ ಹಿಪ್ಪುನೇರಳೆ ತೋಟ, ರೇಷ್ಮೆ ಹುಳ ಸಾಕೋದು ಕಸುಬು. ನನ್ನ ಗಂಡ ಸ್ಕೂಲ್ ಮೇಷ್ಟ್ರು, ಮೈದುನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಮದುವೆಯಾಗಿ ಆರು ವರ್ಷವಾದರೂ ನನಗೆ ಮಕ್ಕಳಿರಲಿಲ್ಲ. ಅತ್ತೆ ಅದನ್ನ ನನ್ನ ಮುಖಕ್ಕೆ ಅಂದವರಲ್ಲ. ಮಗ ಊಟಕ್ಕೆ ಕೂತಾಗ ಮಾತ್ರ, ಯಾವೂರಲ್ಲೋ ಯಾರೋ ಎರಡನೇ ಮದುವೆ ಮಾಡ್ಕೊಂಡು ವರ್ಷದೊಳಗೆ ಗಂಡು ಮಗು ಆಯ್ತಂತೆ ಅಂತ ಸುದ್ದಿ ತೆಗೆಯೋರು. ಒಂದು ತಿಂಗಳು ಚಿಕ್ಕಬಳ್ಳಾಪುರದ ಸುದ್ದಿ, ಇನ್ನೊಂದು ತಿಂಗಳು ಚಿಂತಾಮಣಿಯದು. ನಾನು ಸಾರು ಬಡಿಸಿಕೊಂಡು ಕೇಳಿಸಿಕೊಳ್ಳುತ್ತಿದ್ದೆ.

ಆಮೇಲೆ ಮೈದುನನ ಹೆಂಡತಿ ಬಂದಳು. ಕೆಂಚಾರ್ಲಹಳ್ಳಿ ಹುಡುಗಿ, ಹದಿನೇಳು ವರ್ಷ, ತಾಯಿ ಸತ್ತು ಅಪ್ಪನೇ ಸಾಕಿದವಳು. ಮನೆಯಲ್ಲಿ ಎಲ್ಲರೂ ಚಿಕ್ಕವಳು ಅಂತ ಕರೆಯುತ್ತಿದ್ದರು, ನಾನೂ ಹಾಗೇ ಅಂತೀನಿ. ಅರ್ಧ ತೆಲುಗು ಅರ್ಧ ಕನ್ನಡ ಮಾತಾಡೋಳು. ಬಂದ ದಿನದಿಂದ ಅಕ್ಕಾ ಅಕ್ಕಾ ಅಂತ ನನ್ನ ಸೆರಗು ಹಿಡಿದುಕೊಂಡೇ ಓಡಾಡಿದಳು. ಪೆದ್ದು ಅಂದರೆ ಅಂಥಿಂಥ ಪೆದ್ದಲ್ಲ. ನಾನು ಹಾಲು ಉಕ್ಕಿಸಿ ಅತ್ತೆ ಗದರಿದರೆ, ಎಲ್ಲಿದ್ದಳೋ ಓಡಿಬಂದು "ನಾನೇ ಅತ್ತೆ, ನಾನೇ ಉಕ್ಸಿದ್ದು" ಅನ್ನೋಳು. ಅವಳು ಅಂದರೆ ಅತ್ತೆ ನಕ್ಕುಬಿಡೋರು. ಮಡಕೆ ಒಡೆದರೂ ಅವಳೇ, ಮುದ್ದೆ ಗಂಟಾದರೂ ಅವಳೇ. ಅತ್ತೆಗೆ ಅವಳ ಮೇಲೆ ಕೋಪವೇ ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು.

ನಮ್ಮ ಕಡೆ ಹುಳದ ಮನೆ ಅಂದರೆ ದೇವರ ಮನೆಗಿಂತ ಒಂದು ಕೈ ಹೆಚ್ಚು. ಕಾಲು ತೊಳೆದು ಒಳಗೆ ಹೋಗಬೇಕು, ಬಾಯಲ್ಲಿ ಹೊಗೆಸೊಪ್ಪು ಇರಬಾರದು. ಹೊರಗಾದ ಹೆಂಗಸರಂತೂ ಆ ಬಾಗಿಲ ಹತ್ತಿರ ಸುಳಿಯೋ ಹಾಗೇ ಇಲ್ಲ. ತಿಂಗಳಿಗೆ ಮೂರು ದಿನ ನಾವು ಹಿತ್ತಲಲ್ಲಿ ಸೂರಿನ ಕೆಳಗೆ ಚಾಪೆ ಹಾಕ್ಕೊಂಡು ಕೂರೋರು. ಹುಳ ನಾಲ್ಕು ಸಲ ಪೊರೆ ಬಿಡುತ್ತೆ, ಅದಕ್ಕೆ ಜ್ವರ ಅಂತೀವಿ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಒಂದು ವಾರ ಎಡೆಬಿಡದೆ ಸೊಪ್ಪು ತಿಂದು ಗೂಡು ಕಟ್ಟೋಕೆ ತಯಾರಾಗುತ್ತೆ. ಆ ವಾರದಲ್ಲಿ ಹುಳ ಸತ್ತರೆ ಮನೆ ಮುಳುಗಿದ ಹಾಗೇ. ಸೊಪ್ಪು ಹೇಗಿತ್ತು, ಗಾಳಿ ಆಡಿತ್ತಾ ಅಂತ ಯಾರೂ ಕೇಳೋರಲ್ಲ. ಯಾರು ಹೊಕ್ಕಿದ್ದು ಅಂತ ಕೇಳೋರು.

ಆ ವರ್ಷ ಕಾರ್ತಿಕದಲ್ಲಿ ಶಿಡ್ಲಘಟ್ಟಕ್ಕೆ ಟೆಂಟು ಬಂತು. ಮೊದಲನೇ ಸೋಮವಾರ ಅತ್ತೆ ಉಪವಾಸವಿದ್ದು, ಈಶ್ವರನ ಗುಡಿಯಲ್ಲಿ ದೀಪ ಹಚ್ಚಿ, ಅಲ್ಲಿಂದ ಸೀದಾ ನಮ್ಮಿಬ್ಬರನ್ನೂ ಫಸ್ಟ್ ಶೋಗೆ ಕರೆದುಕೊಂಡು ಹೋದರು. ಜೊತೆಗೆ ಹೆರಿಗೆ ಮಾಡಿಸೋ ನರ್ಸಮ್ಮನೂ ಬಂದರು. ಅವರು ಕ್ರಿಶ್ಚಿಯನ್ನರು, ನಮ್ಮ ಊರಿನ ಅರ್ಧ ಮಕ್ಕಳು ಅವರ ಕೈಯಲ್ಲೇ ಹುಟ್ಟಿದ್ದು. ಹೆಂಗಸರ ಕಡೆ ಮರಳಿನ ಮೇಲೆ ಚಾಪೆ ಹಾಸಿ ಕೂತ್ವಿ.

ತೆಲುಗು ಪಿಕ್ಚರ್. ಒಬ್ಬ ಕೂಲಿಯವನು, ಸಾಹುಕಾರನ ಮಗ ಮಾಡಿದ ಕೊಲೆಯನ್ನ ನಾನೇ ಮಾಡಿದ್ದು ಅಂತ ಒಪ್ಪಿಕೊಳ್ಳುತ್ತಾನೆ. ಊರಿನವರು ಅವನ ಕೈ ಎರಡನ್ನೂ ಗಾಡಿ ನೊಗಕ್ಕೆ ಕಟ್ಟಿ, ಅದನ್ನೇ ಹೊರಿಸಿಕೊಂಡು ಗುಡ್ಡ ಹತ್ತಿಸಿ ಕಲ್ಲು ಹೊಡೆದರು. ಅವನು ಹಾಡುತ್ತಾ ಹಾಡುತ್ತಾ ಸತ್ತ. ಟೆಂಟಿಗೆ ಟೆಂಟೇ ಗೊಳೋ ಅಂತ ಅತ್ತಿತು. ಅತ್ತೆ ಎದೆ ಬಡಿದುಕೊಂಡು "ಎಂಥ ಪಾಪಿ ಜನ ಕಣೇ, ಒಂದು ತೊಟ್ಟು ನೀರು ಕೊಡೋರಿಲ್ಲ" ಅಂದರು. ನರ್ಸಮ್ಮ ನಿಧಾನವಾಗಿ ಹೇಳಿದರು: "ಇದು ನಮ್ಮ ಯೇಸುಸ್ವಾಮಿ ಕಥೆ ಕಣಮ್ಮ. ಹಾಡು ಸೇರಿಸಿದಾರೆ ಅಷ್ಟೇ."

ಪರದೆ ಮೇಲೆ ಶುಭಂ ಅಂತ ಬಂತು. ಜನ ಚಾಪೆ ಸುತ್ತಿಕೊಂಡು ಏಳ್ತಾ ಇದ್ದರು. ಅಷ್ಟರಲ್ಲಿ ದೀಪ ಆರಿ ಮತ್ತೆ ಪರದೆ ಬೆಳಗಿತು. ನೋಡಿದರೆ ಅದೇ ಹೀರೋ, ಹಣೆ ಮೇಲೆ ಒಂದು ಗೀರೂ ಇಲ್ಲ, ಪೇಟ ಸುತ್ತಿಕೊಂಡು ಹಸೆಮಣೆ ಮೇಲೆ ನಗ್ತಾ ಕೂತಿದ್ದಾನೆ. ಹುಡುಗಿ ಕೊರಳಿಗೆ ತಾಳಿ ಕಟ್ಟಿದ. ಸುತ್ತ ನಿಂತವರು ಅಕ್ಷತೆ ಹಾಕಿದರು. ಚಿಕ್ಕವಳು ನನ್ನ ತೊಡೆ ಹಿಡಿದು ಅಲ್ಲಾಡಿಸಿದಳು. "ನೋಡಕ್ಕಾ, ಕಲ್ಲು ಹೊಡೆದೋರೇ ಅಕ್ಷತೆ ಹಾಕ್ತಾವ್ರೆ."

ಟೆಂಟಿನಲ್ಲಿ ಶಿಳ್ಳೆ, ಚಪ್ಪಾಳೆ. ಅತ್ತೆ ಎದ್ದು ನಿಂತು ಪರದೆಗೆ ಕೈ ಮುಗಿದರು. ಸತ್ತವನು ಎದ್ದು ಬಂದ, ಕಾರ್ತಿಕ ಸೋಮವಾರ, ಈಶ್ವರ ಎಬ್ಬಿಸಿದ, ಇನ್ನೇನು ಬೇಕು. ಆಚೆ ಬಂದಾಗ ಯಾರೋ ಟೆಂಟಿನ ಬಾಗಿಲಿಗೆ ತೆಂಗಿನಕಾಯಿ ಒಡೆಯುತ್ತಿದ್ದರು. ಅತ್ತೆ ನರ್ಸಮ್ಮನನ್ನ ಕೇಳಿದರು: "ನಿಮ್ಮ ಸ್ವಾಮಿ ಎಷ್ಟು ಹೊತ್ತಿಗೆ ಎದ್ದಿದ್ದು?"

"ಮೂರನೇ ದಿನಕ್ಕೆ."

"ಹಂಗಾರೆ ನಮ್ಮೋನೇ ವಾಸಿ. ಒಂದು ಬೀಡಿ ಸೇದೋಷ್ಟರಲ್ಲಿ ಎದ್ದ."

ನರ್ಸಮ್ಮ ನಕ್ಕರು. ಮಾರನೇ ದಿನದಿಂದ ಸುತ್ತಿನ ಊರಿಗೆಲ್ಲ ಇದೇ ಮಾತಾಯಿತು. ಮಂಗಳವಾರ ಹೋದವರಿಗೆ ಹೀರೋ ಏಳಲಿಲ್ಲವಂತೆ, ಬುಧವಾರವೂ ಇಲ್ಲವಂತೆ. ಅದಕ್ಕೆ ಜನ ಏನಂದರು ಗೊತ್ತಾ, ಅವನು ಸೋಮವಾರ ಮಾತ್ರ ಏಳ್ತಾನೆ ಅಂದರು. ಓದು ಬರಹ ಬಂದವರೂ ಅಂದರು. ನಾನೂ ನಂಬಿದೆ, ಯಾಕೆ ಮುಚ್ಚಿಡಲಿ.

ಮುಂದಿನ ಸೋಮವಾರ ಟೆಂಟಿನ ಕಡೇ ದಿನ. ಭಾನುವಾರ ನನ್ನ ಗಂಡ, ಮೇಲೆ ಕೆಳಗೆ ನೋಡಿ, "ನಾಳೆ ಸೈಕಲ್ಲಲ್ಲಿ ಹೋಗಿ ಬರೋಣ, ನಾವಿಬ್ರೇ" ಅಂದರು. ಆರು ವರ್ಷದಲ್ಲಿ ನಾವಿಬ್ಬರೇ ಅಂತ ಅವರು ಅಂದಿದ್ದು ಅದೇ ಮೊದಲು. ನನಗೆ ನಿದ್ದೆ ಹತ್ತಲಿಲ್ಲ. ಬೆಳಗ್ಗೆ ಎದ್ದು ನೋಡಿಕೊಂಡರೆ ಹೊರಗಾಗಿದ್ದೆ.

ಹೇಳಿದರೆ ಹಿತ್ತಲಲ್ಲಿ ಮೂರು ದಿನ. ಟೆಂಟು ಮಂಗಳವಾರ ಬಿಚ್ಚುತ್ತಾರೆ. ನಾನು ಹೇಳಲಿಲ್ಲ. ಎಂದಿನಂತೆ ಸ್ನಾನ ಮಾಡಿ, ಕಾಲು ತೊಳೆದು, ಹುಳದ ಮನೆಗೆ ಹೋಗಿ ಸೊಪ್ಪು ಹಾಕಿದೆ. ಹುಳ ನಾಲ್ಕನೇ ಜ್ವರದಿಂದ ಎದ್ದು ನಾಲ್ಕು ದಿನವಾಗಿತ್ತು. ಆಮೇಲೆ ಸೊಪ್ಪು ಕೊಯ್ಯೋ ನೆಪದಲ್ಲಿ ತೋಟಕ್ಕೆ ಹೋಗಿ ಕಾಲುವೆಯಲ್ಲಿ ಬಟ್ಟೆ ಹಿಂಡುತ್ತಿದ್ದೆ. ಬೆನ್ನ ಹಿಂದೆ ಚಿಕ್ಕವಳು ಬಂದು ನಿಂತಿದ್ದಳು.

ನೋಡಿದಳು. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಮುಖ ಕೆಂಪು ಮಾಡಿಕೊಂಡು ಅಂದಳು: "ಅಕ್ಕಾ, ನಂಗೆ ನಿಂತೈತೆ. ದಸರಾಕ್ಕೆ ಊರಿಗೆ ಹೋಗಿದ್ನಲ್ಲ, ಆವಾಗ್ಲೇ ಆಗಬೇಕಿತ್ತು. ಯಾರಿಗೂ ಹೇಳಿಲ್ಲ, ನಿಂಗೇ ಮೊದ್ಲು."

ಅವಳು ದಸರಾಕ್ಕೆ ಅಪ್ಪನ ಮನೆಗೆ ಹೋಗಿ ದೀಪಾವಳಿ ಮುಗಿಸಿಕೊಂಡು ಬಂದಿದ್ದಳು. ಅಲ್ಲಿ ಲೆಕ್ಕ ಇಡೋ ತಾಯಿ ಇಲ್ಲ. ಆ ತಿಂಗಳು ಅಲ್ಲೇ ಹೊರಗೆ ಕೂತು ಬಂದಿದ್ದಾಳೆ ಅಂತ ನಮ್ಮತ್ತೆ ತಿಳಿದಿದ್ದರು. ನನ್ನ ಕೈಯಲ್ಲಿ ಒದ್ದೆ ಬಟ್ಟೆ, ಅವಳ ಹೊಟ್ಟೆಯಲ್ಲಿ ಮಗು. ಆರು ವರ್ಷ ನಾನು ಸುತ್ತದ ಅರಳಿಮರವಿಲ್ಲ, ಇವಳು ಬಂದು ವರ್ಷವಾಗಿಲ್ಲ. ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು. ನಗುತ್ತಲೇ ಅವಳ ತಲೆ ಸವರಿ, "ಮೂರು ತಿಂಗಳು ತುಂಬೋವರೆಗೂ ಬಾಯಿ ಬಿಡಬೇಡ ಕಣೇ, ದೃಷ್ಟಿಯಾಗುತ್ತೆ" ಅಂದೆ. ಅವಳು ಹೂಂ ಅಂದಳು. ನಾನು ಏನು ಹೇಳಿದರೂ ಅವಳು ಹೂಂ ಅನ್ನೋಳು.

ಸಾಯಂಕಾಲ ಸೈಕಲ್ ಕ್ಯಾರಿಯರ್ ಮೇಲೆ ಕೂತು ಹೋದೆ. ಟೆಂಟಿನಲ್ಲಿ ಕಾಲಿಡೋಕೆ ಜಾಗವಿಲ್ಲ, ಎಲ್ಲರೂ ಅವನು ಏಳೋದನ್ನ ನೋಡೋಕೆ ಬಂದವರೇ. ಆವತ್ತು ಮದುವೆ ಮೊದಲೇ ಬಂದುಹೋಯಿತು. ಆಮೇಲೆ ನೊಗ, ಗುಡ್ಡ, ಕಲ್ಲು. ಸತ್ತ. ಶುಭಂ. ಜನ ಕೂತೇ ಇದ್ದರು. ಯಾರೋ "ಇನ್ನೊಂದು ಡಬ್ಬಿ ಹಾಕಯ್ಯ" ಅಂತ ಕೂಗಿದರು. ಆಪರೇಟರು ಆಚೆ ಬಂದು ಇಷ್ಟೇ ಇರೋದು ಅಂದ. ಪರದೆಗೆ ಮರಳು ಎರಚಿದರು, ಗೂಟ ಕಿತ್ತರು. ಈಚೆ ಬಂದ ಮೇಲೆ ನನ್ನ ಗಂಡ ಬಿದ್ದು ಬಿದ್ದು ನಕ್ಕರು. "ಹೋದ ವಾರ ಒಂದು ರೀಲು ಹಾಕೋದು ಮರೆತು ಕೊನೇಲಿ ಹಾಕಿದಾನೆ ಕಣೇ. ಮದುವೆ ಆಗಿ ಆಮೇಲೆ ಸಾಯೋದು ಅವನು. ದಡ್ಡ ಜನ, ದೇವರು ಎಬ್ಬಿಸಿದ ಅಂತ ಕಾಯಿ ಒಡೆದ್ರು." ದಾರಿಯುದ್ದಕ್ಕೂ ಇದನ್ನೇ ಹೇಳಿಕೊಂಡು ಸೈಕಲ್ ತುಳಿದರು. ಅವರ ಬೆನ್ನು ಹಿಡಿದುಕೊಂಡು ಕೇಳ್ತಾ ಕೂತಿದ್ದೆ. ಬದುಕಿನಲ್ಲಿ ನಾನು ಸುಖವಾಗಿದ್ದ ದಿನ ಯಾವುದು ಅಂತ ಕೇಳಿದರೆ ಅದನ್ನೇ ಹೇಳಬೇಕು.

ಬೆಳಗ್ಗೆ ಸೊಪ್ಪು ಕೊಯ್ಯುವಾಗ ಚಿಕ್ಕವಳು ಕೇಳಿದಳು. "ಎದ್ನಾ ಅಕ್ಕಾ?"

"ಎದ್ದ" ಅಂದೆ.

ಯಾಕೆ ಹಾಗಂದೆ ಅಂದರೆ, ಅವಳಿಗೆ ಗೊತ್ತಿಲ್ಲದ್ದು ಒಂದಾದರೂ ನನ್ನ ಹತ್ತಿರ ಇರಲಿ ಅನ್ನಿಸಿತು. ಅವಳು ಸೊಪ್ಪು ಎದೆಗೆ ಅವಚಿಕೊಂಡು ನಕ್ಕಳು. ಭಾವನ ಜೊತೆ ತಮ್ಮನ ಹೆಂಡತಿ ಮಾತಾಡೋ ರೂಢಿ ನಮ್ಮಲ್ಲಿಲ್ಲ, ಅವಳು ಇನ್ನೊಬ್ಬರನ್ನ ಕೇಳೋ ಹಾಗೂ ಇರಲಿಲ್ಲ.

ಎರಡು ದಿನದಿಂದ ಬಿಟ್ಟುಬಿಟ್ಟು ಜಿಟಿಜಿಟಿ ಮಳೆ ಬೇರೆ ಹಿಡಿದಿತ್ತು. ಬುಧವಾರ ಬೆಳಗ್ಗೆ ಮಾವನವರು ಹುಳದ ಮನೆ ಬಾಗಿಲು ತೆಗೆದು ಅಲ್ಲೇ ಕೂತುಬಿಟ್ಟರು. ತಟ್ಟೆ ತಟ್ಟೆಯಲ್ಲೂ ಹುಳ ಕಪ್ಪಾಗಿ ಮೆತ್ತಗಾಗಿ ನೀರು ಬಿಟ್ಟಿತ್ತು. ನಾತ ಅಂಗಳದವರೆಗೂ ಹೊಡೀತಿತ್ತು. ಅತ್ತೆ ಬಂದು ನೋಡಿದರು, ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ನಮ್ಮ ಕಡೆ ತಿರುಗಿ, ಕೂಗದೆ, ಮೆಲ್ಲಗೆ ಕೇಳಿದರು: "ಯಾರು?"

ಅತ್ತೆ ನನ್ನನ್ನೇ ನೋಡುತ್ತಿದ್ದರು. ಇನ್ನು ಮುಗೀತು, ಬೈಗಾಗೋದರೊಳಗೆ ಗೌರಿಬಿದನೂರಿನ ಬಸ್ಸು, ಬರೋ ಮಾಘಕ್ಕೆ ನನ್ನ ಗಂಡನಿಗೆ ಇನ್ನೊಂದು ಹೆಣ್ಣು. ಬಾಯಿ ತೆರೆದೆನೋ ಇಲ್ಲವೋ ನೆನಪಿಲ್ಲ. ಪಕ್ಕದಿಂದ ಚಿಕ್ಕವಳು ಒಂದು ಹೆಜ್ಜೆ ಮುಂದೆ ಬಂದಳು.

"ನಾನೇ ಅತ್ತೆ. ಸೋಮವಾರ ಹೊರಗಾಗಿದ್ದೆ. ಗೊತ್ತಾಗದೆ ಹೊಕ್ಕುಬಿಟ್ಟೆ."

ಈ ಸಲ ಅತ್ತೆ ನಗಲಿಲ್ಲ. ಅವಳ ಜಡೆ ಹಿಡಿದು ಅಂಗಳಕ್ಕೆ ಎಳೆದುಕೊಂಡು ಹೋದರು. ಮಳೆಯಲ್ಲಿ ನಿಲ್ಲಿಸಿ, ಸತ್ತ ಹುಳವನ್ನೆಲ್ಲ ಮಂಕರಿಗೆ ತುಂಬಿ ಅವಳ ತಲೆ ಮೇಲೆ ಹೊರಿಸಿ, ತಿಪ್ಪೆಗೆ ಸುರಿದು ಬಾ ಅಂದರು. ಏಳು ಸಲ ಹೊತ್ತಳು. ಮಂಕರಿಯಿಂದ ಸೋರಿದ ಕಪ್ಪು ನೀರು ಅವಳ ಹಣೆ ಮೇಲೆ, ಕೆನ್ನೆ ಮೇಲೆ ಇಳಿಯುತ್ತಿತ್ತು. ಬೀದಿ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತರು. ಟೆಂಟಿನಲ್ಲಿ ಎದೆ ಬಡಿದುಕೊಂಡು ಅತ್ತಿದ್ದವರೇ. ಒಬ್ಬಳು ಥೂ ಅಂತ ಉಗಿದಳು, ಒಬ್ಬಳು "ನಮ್ಮನೆ ಹುಳಕ್ಕೂ ಇವಳ ಗಾಳಿ ಬಡೀತೋ ಏನೋ" ಅಂದಳು. ಮೈದುನ ಕಚೇರಿಗೆ ಹೊತ್ತಾಯಿತು ಅಂತ ಕೊಡೆ ತಗೊಂಡು ಹೋದ. ನಾನು ಮಂಕರಿ ತುಂಬಿ ಅವಳ ತಲೆಗೆ ಎತ್ತಿಕೊಡುತ್ತಿದ್ದೆ. ಅತ್ತೆ ಆ ಕೆಲಸ ನನಗೆ ಹೇಳಿದ್ದರು.

ಮಧ್ಯಾಹ್ನದ ಬಸ್ಸಿಗೆ ಕೂಲಿಯವಳೊಬ್ಬಳ ಜೊತೆ ಅವಳನ್ನ ಕೆಂಚಾರ್ಲಹಳ್ಳಿಗೆ ಕಳಿಸಿದರು. ಹೊರಡೋ ಮುಂಚೆ ಹಿತ್ತಲಲ್ಲಿ ಸೀರೆ ಬದಲಾಯಿಸುತ್ತಾ ನನ್ನ ಹತ್ತಿರ ಅಂದಳು: "ಹೆದರಬ್ಯಾಡಕ್ಕಾ. ನೀನು ಅಂದಿದ್ರೆ ಭಾವನೋರಿಗೆ ಬೇರೆ ಮದ್ವೆ ಮಾಡ್ಬಿಡೋರು. ನಂಗೇನು, ಅತ್ತೆ ನಾಕು ದಿನಕ್ಕೆ ಕರೆಸ್ಕೊತಾರೆ. ಆಮೇಲೆ ಸಮಯ ನೋಡ್ಕೊಂಡು ನೀನೇ ಹೇಳು. ಅವಾಗ ಇವರೇ ನಂಗೆ ಆರತಿ ಎತ್ತಿ ಒಳಕ್ಕೆ ಕರ್ಕೊತಾರೆ, ನೋಡ್ತಿರು." ನಿಜವಾಗಿ ನಂಬಿ ಹೇಳಿದಳು. ತಲೆಗೂದಲಿನಿಂದ ಇನ್ನೂ ನಾತ ಹೋಗಿರಲಿಲ್ಲ.

ಹೊಟ್ಟೆಯಲ್ಲಿ ಮಗು ಇಟ್ಟುಕೊಂಡವಳು ಹೊರಗಾಗಿದ್ದೆ ಅಂದರೆ ಮುಂದೆ ಏನಾಗುತ್ತೆ ಅನ್ನೋದು ಅವಳಿಗೆ ಹೊಳೆಯಲಿಲ್ಲ. ನನಗೆ ಅವಳು ಬಸ್ಸು ಹತ್ತೋ ಮುಂಚೆಯೇ ಹೊಳೆದಿತ್ತು.

ಕಾರ್ತಿಕ ಮುಗಿಯಿತು. ಮಾರ್ಗಶಿರ ಬಂತು. ಅತ್ತೆಯ ಸಿಟ್ಟು ಇಳಿಯಲಿಲ್ಲ, ತಾಯಿ ಮಾತು ಮೀರಿ ಮೈದುನ ಹೋಗಲಿಲ್ಲ. ಅಂಥ ಪಿಕ್ಚರ್ ತೆಗೆಯೋರು, ಏಟು ತಿಂದವನನ್ನ ತೋರಿಸ್ತಾರೆ, ಅವನ ತಾಯಿಯನ್ನ ತೋರಿಸ್ತಾರೆ. ಯಾರಿಗೋಸ್ಕರ ತಿಂದನೋ ಅವನು ಮಾರನೇ ದಿನ ಏನು ಮಾಡಿದ ಅಂತ ಒಬ್ಬರೂ ತೋರಿಸಲ್ಲ. ನಾನು ಹೇಳ್ತೀನಿ ಕೇಳಿ. ರಾಗಿ ಬೀಸಿದೆ. ಅಂಗಳ ಸಾರಿಸಿದೆ. ಹೊಟ್ಟೆ ತುಂಬ ಉಂಡು ಚೆನ್ನಾಗಿ ನಿದ್ದೆ ಮಾಡಿದೆ. ಹೇಳಬೇಕು ಅಂತ ಒಂದೆರಡು ಸಲ ಅನ್ನಿಸಿದ್ದುಂಟು, ನೆಗಡಿಯ ಹಾಗೆ ಬಂದು ಹೋಯಿತು.

ಪುಷ್ಯದಲ್ಲಿ ಹುಳದ ಮೊಟ್ಟೆ ಮಾರೋನು ಬಂದಿದ್ದ. ಜಗುಲಿ ಮೇಲೆ ಕೂತು, ಮಳೆಯಲ್ಲಿ ನೆಂದ ಸೊಪ್ಪನ್ನ ಒರೆಸದೆ ಹಾಕಿದರೆ ಹುಳ ಹಾಗೇ ಕೊಳೆಯೋದು, ಸುತ್ತಿನ ನಾಲ್ಕಾರು ಊರಲ್ಲಿ ಅದೇ ವಾರ ಹೀಗೇ ಆಯಿತು ಅಂದ. ಆ ಎರಡು ದಿನ, ಒರೆಸೋಕೆ ಹೊತ್ತಿಲ್ಲ ಹಾಗೇ ಹಾಕಿ ಅಂದವರು ಮಾವನವರು. ಅವರು ಕೆಮ್ಮಿ ಎದ್ದು ದನ ನೋಡೋಕೆ ಹೋದರು. ಅತ್ತೆ ಅವನಿಗೆ ಮಜ್ಜಿಗೆ ಕೊಟ್ಟು ಮಾತು ಬದಲಾಯಿಸಿದರು. ಅಂದರೆ ಅವಳಲ್ಲ, ನಾನೂ ಅಲ್ಲ, ಮೈಲಿಗೆಯೂ ಅಲ್ಲ, ಬರೀ ಒದ್ದೆ ಸೊಪ್ಪು. ಅಷ್ಟು ಗೊತ್ತಾದ ಮೇಲೆ ಬಾಯಿ ಬಿಟ್ಟಿದ್ದರೆ ನನಗೆ ದೊಡ್ಡ ನಷ್ಟವೇನೂ ಆಗುತ್ತಿರಲಿಲ್ಲ. ಬಿಡಲಿಲ್ಲ. ಯಾಕೆಂದರೆ ಬಿಟ್ಟರೆ ಅವಳು ವಾಪಸು ಬರುತ್ತಿದ್ದಳು, ಹೊಟ್ಟೆ ಮುಂದೆ ಮಾಡಿಕೊಂಡು.

ಮಾಘದಲ್ಲಿ ಒಂದು ಬೆಳಗ್ಗೆ ಅವಳಪ್ಪ ಬಂದ. ಹೊಸ ಪಂಚೆ, ಕೈಯಲ್ಲಿ ಬೆಲ್ಲದ ಅಚ್ಚು, ತೆಂಗಿನಕಾಯಿ, ವೀಳ್ಯದೆಲೆ. ಮುಖ ಅರಳಿತ್ತು. ಜಗುಲಿ ಮೇಲೆ ಎಲ್ಲ ಇಟ್ಟು, "ಅಮ್ಮಾ, ನಿಮ್ಮನೆ ದೀಪ ನಮ್ಮನೇಲಿ ಐತೆ. ನನ್ನ ಮಗ್ಳಿಗೆ ಈಗ ಐದು ತಿಂಗಳು. ನಂಗೆ ಗಂಡಸಿಗೆ ಏನು ತಿಳೀತೈತೆ, ಹೊಟ್ಟೆ ಕಂಡ ಮ್ಯಾಲೇ ಗೊತ್ತಾಗಿದ್ದು" ಅಂದ.

ಅತ್ತೆ ಕೈ ಬೆರಳು ಮಡಚಿದರು. ಒಂದು, ಎರಡು, ಮೂರು. ಮಡಚಿದ ಬೆರಳು ಹಾಗೇ ಹಿಡಿದು ನಿಧಾನವಾಗಿ ಕೇಳಿದರು: "ಕಾರ್ತಿಕದಲ್ಲಿ ಹೊರಗಾಗಿದ್ದೆ ಅಂತ ಅವಳೇ ಬಾಯಿಬಿಟ್ಟು ಹೇಳಿದಾಳೆ. ಆ ವಾರವೇ ನಿಮ್ಮನೆಗೆ ಬಂದಳು. ಅಲ್ಲಿಂದೀಚೆಗೆ ನನ್ನ ಮಗ ನಿಮ್ಮ ಹೊಸಿಲು ತುಳಿದಿಲ್ಲ. ಐದು ತಿಂಗಳು ಎಲ್ಲಿಂದ ಬಂತು ಯಜಮಾನ್ರೇ?"

ಆ ಮನುಷ್ಯನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬೆಲ್ಲದ ಅಚ್ಚನ್ನ ಎತ್ತಿ ತೊಡೆ ಮೇಲೆ ಇಟ್ಟುಕೊಂಡ, ಯಾಕೆ ಎತ್ತಿದ ಅಂತ ಅವನಿಗೇ ತಿಳಿದಿರಲಿಕ್ಕಿಲ್ಲ. "ಅಮ್ಮಾ, ಅವಳು ಆವತ್ತು ಹೊರಗಾಗಿರ್ಲಿಲ್ಲವಂತೆ. ಇನ್ನೊಬ್ರ ತಪ್ಪು ತಾನು ಹೊತ್ಕೊಂಡ್ಳಂತೆ. ಯಾರದು ಹೇಳೇ ಅಂತ ಹೊಡದೂ ಕೇಳ್ದೆ. ಹೇಳಲ್ಲ ಅಂತಾಳೆ. ಅವರೇ ಬಂದು ಹೇಳ್ತಾರೆ ಅಂತಾಳೆ."

"ಯಾರಪ್ಪಾ ಬಂದು ಹೇಳೋರು?" ಅತ್ತೆ ನಕ್ಕರು. ಆಮೇಲೆ ಒಳಗಡೆ ತಿರುಗಿ ನನ್ನನ್ನ ಕರೆದರು. "ಬಾರೇ ಇಲ್ಲಿ. ಇಬ್ಬರೂ ಒಂದೇ ಕಡೆ ಬಟ್ಟೆ ಒಗೆಯೋರು. ನೀನು ನೋಡಿರ್ತೀಯ. ಆವತ್ತು ಅವಳು ಹೊರಗಾಗಿದ್ಲೋ ಇಲ್ವೋ?"

ನಾನು ಬಾಗಿಲ ಪಕ್ಕ ನಿಂತಿದ್ದೆ. ಅವನು ತಲೆ ಎತ್ತಿ ನನ್ನ ಮುಖ ನೋಡಿದ. ಮಗಳು ಹೆಸರು ಹೇಳಿರದಿದ್ದರೂ ಆ ಘಳಿಗೆಯಲ್ಲಿ ಅವನಿಗೆ ಗೊತ್ತಾಯಿತು ಅಂತ ನನಗನ್ನಿಸುತ್ತೆ. ಎರಡೂ ಕೈ ಜೋಡಿಸಿದ. ತೊಡೆ ಮೇಲಿನ ಬೆಲ್ಲ ಕೆಳಗೆ ಬಿದ್ದು ಎರಡು ಹೋಳಾಯಿತು.

"ಹೂಂ, ಆಗಿದ್ದಳು" ಅಂದೆ. "ಕಾಲುವೆಯಲ್ಲಿ ಬಟ್ಟೆ ಹಿಂಡ್ತಿದ್ದದ್ದು ನಾನೇ ಕಣ್ಣಾರೆ ನೋಡಿದೀನಿ."

ಬಟ್ಟೆ ಹಿಂಡಿದ್ದು ನಿಜ, ಕಣ್ಣಾರೆ ನೋಡಿದ್ದೂ ನಿಜ, ಯಾರು ಯಾರನ್ನ ಅನ್ನೋದೊಂದು ತಿರುವಿ ಹಾಕಿದೆ. ಅವನು ಕೂಗಾಡಲಿಲ್ಲ. ಪಂಚೆ ತುದಿಯಲ್ಲಿ ಬೆಲ್ಲದ ಹೋಳುಗಳನ್ನ ಗಂಟು ಕಟ್ಟಿಕೊಂಡು ಎದ್ದ. ಅವನು ಬೀದಿ ತಿರುವು ದಾಟೋದರೊಳಗೆ ಅತ್ತೆ ಜಗುಲಿಗೆ ಸಗಣಿ ಹಾಕಿ ಸಾರಿಸೋಕೆ ಹೇಳಿದರು. ನಾನೇ ಸಾರಿಸಿದೆ.

ವೈಶಾಖದಲ್ಲಿ ಮೈದುನನಿಗೆ ಬೇರೆ ಮದುವೆಯಾಯಿತು. ಮುಂದಿನ ತಿಂಗಳು ಅವಳಿಗೆ ಹೆಣ್ಣು ಮಗು ಹುಟ್ಟಿತಂತೆ ಅಂತ ಸುದ್ದಿ ಬಂತು. ಬಸ್ಸಿನ ಡ್ರೈವರನದು, ಕೂಲಿಯವನದು ಅಂತ ಜನ ಬಾಯಿಗೆ ಬಂದದ್ದು ಅಂದರು. ಪಾಪಕ್ಕೆ ಶಿಕ್ಷೆ ಆಗೇ ಆಗುತ್ತೆ ಅಂತ ಹೇಳ್ತಾರಲ್ಲ, ನನಗೇನೂ ಆಗಲಿಲ್ಲ. ಎರಡು ವರ್ಷಕ್ಕೆ ಗಂಡು ಮಗು ಹುಟ್ಟಿತು. ಮನೆಗೆ ಮೊದಲ ಮೊಮ್ಮಗ ಅಂತ ಅತ್ತೆ ಊರಿಗೆಲ್ಲ ಸಕ್ಕರೆ ಹಂಚಿದರು, ನನ್ನ ಕೊರಳಿಗೆ ತಮ್ಮ ಸರ ತೆಗೆದು ಹಾಕಿದರು. ಎರಡನೇ ಮದುವೆ ಸುದ್ದಿ ಆಮೇಲೆ ಆ ಮನೆಯಲ್ಲಿ ಯಾರೂ ತೆಗೆಯಲಿಲ್ಲ.

ಮಗನಿಗೆ ಐದು ತುಂಬಿದ ವರ್ಷ ಒಂದು ಮದುವೆ ಮುಗಿಸಿಕೊಂಡು ಅವನ ಜೊತೆ ಚಿಂತಾಮಣಿ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದೆ. ಪಕ್ಕದ ಕಲ್ಲುಬೆಂಚಿನ ಮೇಲೆ ಏಳೆಂಟು ವರ್ಷದ ಹುಡುಗಿ ಒಬ್ಬಳೇ ಕಾಲಾಡಿಸುತ್ತಾ ಕೂತಿದ್ದಳು. ಮುಖ ನೋಡಿದೆ. ಅದೇ ಅಗಲ ಹಣೆ, ಅದೇ ಸಣ್ಣ ಕಣ್ಣು, ನಮ್ಮತ್ತೆಯನ್ನೇ ಚಿಕ್ಕದು ಮಾಡಿ ಕೂರಿಸಿದ ಹಾಗಿದ್ದಳು. ಒಂದು ಸಲ ನೋಡಿದ್ದರೆ ಸಾಕಿತ್ತು, ನಮ್ಮ ಮನೆಯಲ್ಲಿ ಯಾರೂ ಬೆರಳು ಮಡಚಬೇಕಾಗಿರಲಿಲ್ಲ. ಯಾರೂ ಹೋಗಿ ನೋಡಿರಲಿಲ್ಲ.

ಅವಳೇ ಮಾತಿಗೆ ಬಂದಳು. "ಶಿಡ್ಲಘಟ್ಟದ ಬಸ್ಸಿಗಾ ನೀವು?"

"ಹೂಂ ಕಣಮ್ಮ."

"ನಮ್ಮ ದೊಡ್ಡಮ್ಮ ಅಲ್ಲೇ ಇರೋದು. ಒಂದಿನ ಬಂದು ನಿಜ ಹೇಳ್ತಾರಂತೆ. ಆಮ್ಯಾಕೆ ನಮ್ಮನ್ನ ಅಪ್ಪನ ಮನೆಗೆ ಕರ್ಕೊಂಡೋಗ್ತಾರಂತೆ. ಸ್ಕೂಲಲ್ಲಿ ಎಲ್ರೂ ಏನೇನೋ ಅಂತಾರಲ್ಲ, ಅವಾಗ ಅನ್ನಲ್ಲ ಅಂತ ಅಮ್ಮ ಹೇಳೈತೆ." ಹುಡುಗಿ ನನ್ನ ಮುಖ ದಿಟ್ಟಿಸಿ ನೋಡಿದಳು. "ದೊಡ್ಡಮ್ಮಂಗೆ ಎಡಗಣ್ಣಿನ ಕೆಳಗೆ ಮಚ್ಚೆ ಐತಂತೆ. ನಿಮಗೂ ಐತೆ. ನೀವೇನಾ?"

ನನ್ನ ಮಗ ಬಾಯಲ್ಲಿ ಬೆರಳಿಟ್ಟುಕೊಂಡು ನಮ್ಮಿಬ್ಬರನ್ನೂ ನೋಡುತ್ತಿದ್ದ.

"ನಾನಲ್ಲ ಕಣಮ್ಮ" ಅಂದೆ.

ಹುಡುಗಿ ಮುಖ ಸಪ್ಪಗಾಯಿತು. ನನ್ನ ಬೆನ್ನ ಹಿಂದೆ ನೋಡಿ "ಇವರಲ್ಲವಂತೆ ಅಮ್ಮಾ" ಅಂದಳು. ತಿರುಗಿದೆ. ನಲ್ಲಿಯಿಂದ ನೀರು ಹಿಡಿದುಕೊಂಡು ಬಂದು ಚಿಕ್ಕವಳು ನಿಂತಿದ್ದಳು. ಕೈಯಲ್ಲಿ ತಂಬಿಗೆ. ಕೂದಲು ಅರ್ಧ ನರೆತಿತ್ತು, ಇಪ್ಪತ್ತೈದೋ ಇಪ್ಪತ್ತಾರೋ ವರ್ಷ ಅವಳಿಗೆ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ನನ್ನನ್ನ ನೋಡಿದಳು, ನನ್ನ ಮಗನನ್ನ ನೋಡಿದಳು.

"ಹೂಂ ಕಣೇ, ಇವರಲ್ಲ" ಅಂತ ಅವಳು ಮಗಳಿಗೆ ಹೇಳಿದಳು. "ಇವರು ಬೇರೆ ಯಾರೋ. ನೀರು ಕುಡಿ, ಹೊತ್ತಾಯ್ತು."

ಹುಡುಗಿ ಕುಡಿದು ಉಳಿದ ನೀರನ್ನ ನನ್ನ ಮಗನಿಗೆ ಬೇಕಾ ಅಂತ ಚಾಚಿದಳು. ಅವನು ಇಸಕೊಂಡು ಕುಡಿದ. ಕಂಡಕ್ಟರ್ ಶಿಡ್ಲಘಟ್ಟ ಶಿಡ್ಲಘಟ್ಟ ಅಂತ ಕೂಗಿದ. ನಾನು ತಂಬಿಗೆ ವಾಪಸು ಕೊಟ್ಟು, ಮಗನ ಕೈ ಹಿಡಿದು ಬಸ್ಸು ಹತ್ತಿದೆ.